ಅಸ್ಥಿಮಜ್ಜೆ ಕಸಿಯಾದವರಿಗೆ ಮರುಲಸಿಕೆ: ತಪ್ಪದೆ ಪೂರೈಸುವ ಬಗೆ

ಕಾಯಕ ನಡೆಯಬೇಕಾದರೆ ಕಾಯ ನೆಟ್ಟಗಿರಬೇಕು. ಆ ಕಾಳಜಿಯಿಂದಲೇ ಈ ಅಂಕಣದಲ್ಲಿ ತಿಂಗಳಿಗೊಂದು ಆರೋಗ್ಯ ವಿಷಯವನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ. ಈ ಬಾರಿ ಆಯ್ದುಕೊಂಡ ವಿಷಯ ಎಲ್ಲರ ಮನೆಗೂ ಸಂಬಂಧಿಸಿದ್ದಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಯಾರ ಮನೆಗೆ ಸಂಬಂಧಿಸಿದೆಯೋ ಅವರ ಪಾಲಿಗೆ ಇದು ಪ್ರಾಣದ ಪ್ರಶ್ನೆ. ರಕ್ತದ ಕ್ಯಾನ್ಸರ್, ಅಪ್ಲಾಸ್ಟಿಕ್ ಅನೀಮಿಯ, ಥಲಸ್ಸೀಮಿಯ ಮೊದಲಾದ ರೋಗಗಳಿಗಾಗಿ ಅಸ್ಥಿಮಜ್ಜೆ ಕಸಿ, ಅಂದರೆ ಆಕರಕೋಶಗಳ ಕಸಿ, ಮಾಡಿಸಿಕೊಂಡವರು ಈಗ ನಮ್ಮ ಬಡಾವಣೆಗಳಲ್ಲಿಯೇ ಇದ್ದಾರೆ. ಕಸಿಯಾದ ಮೇಲೆ ಅವರು ಬಾಲ್ಯದಲ್ಲಿ ಪಡೆದ ಲಸಿಕೆಗಳನ್ನೆಲ್ಲ ಮತ್ತೆ ಹಾಕಿಸಿಕೊಳ್ಳಬೇಕು ಎಂಬ ಮಾತು ಎಷ್ಟೋ ಮಂದಿಗೆ ತಿಳಿದಿಲ್ಲ. ತಿಳಿದವರಲ್ಲಿಯೂ ಪೂರ್ಣವಾಗಿ ಹಾಕಿಸಿಕೊಂಡವರು ಕಡಮೆ.

ಕೆಂಗೇರಿ ಉಪನಗರದ ಒಂದು ಮನೆ

ಕೆಂಗೇರಿ ಉಪನಗರದಲ್ಲಿ ಸಣ್ಣ ದಿನಸಿ ಅಂಗಡಿ ನಡೆಸುವ ಭಕ್ತರೊಬ್ಬರಿಗೆ ನಲವತ್ತು ದಾಟಿದ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಅವರ ಇಚ್ಛೆಯಂತೆ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಔಷಧೋಪಚಾರದ ಬಳಿಕ ಕಸಿಯೇ ದಾರಿ ಎಂದು ವೈದ್ಯರು ತಿಳಿಸಿದರು. ತಂಗಿಯ ಆಕರಕೋಶಗಳು ಹೊಂದಿಕೆಯಾದವು. ಬೇಕಾಗಿದ್ದ ಹಣ ಲಕ್ಷಗಳ ಲೆಕ್ಕದ್ದು. ಬಂಧುಗಳು, ಬೀದಿಯವರು, ಜೊತೆಯ ವ್ಯಾಪಾರಸ್ಥರು, ಭಕ್ತವೃಂದದವರು ಎಲ್ಲರೂ ಕೈಲಾದಷ್ಟು ಸೇರಿಸಿದರು. ಕಸಿ ಫಲಿಸಿತು. ಆರು ತಿಂಗಳಿಗೆ ತಲೆಗೂದಲು ಬಂತು, ವರ್ಷಕ್ಕೆ ಅಂಗಡಿಯ ಬಾಗಿಲು ತೆರೆಯಿತು. ರಕ್ತಪರೀಕ್ಷೆಯ ವರದಿಯಲ್ಲಿ ಬಿಳಿರಕ್ತಕಣಗಳ ಸಂಖ್ಯೆ ಸರಿಯಾಗಿಯೇ ಇತ್ತು. ಇನ್ನೇನು ಭಯವಿಲ್ಲವೆಂದು ಮನೆಯವರು ನಿಟ್ಟುಸಿರುಬಿಟ್ಟರು.

ಹದಿನಾಲ್ಕನೆಯ ತಿಂಗಳಿನಲ್ಲಿ ಒಂದು ಸಂಜೆ ಚಳಿಜ್ವರ ಬಂತು. ಬೆಳಗಾಗುವಷ್ಟರಲ್ಲಿ ಉಸಿರಾಟ ಕಷ್ಟವಾಯಿತು. ನ್ಯುಮೋನಿಯ ಎಂದು ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ಹನ್ನೊಂದು ದಿನ ಅವರ ಪತ್ನಿ ಘಟಕದ ಹೊರಗಿನ ಕುರ್ಚಿಯಲ್ಲಿಯೇ ಕಳೆದರು. ದೇವರ ದಯೆಯಿಂದಲೂ ವೈದ್ಯರ ಶ್ರಮದಿಂದಲೂ ಜೀವ ಉಳಿಯಿತು. ಬಿಡುಗಡೆಯ ದಿನ ವೈದ್ಯರು, "ನ್ಯೂಮೊಕಾಕಸ್ ಲಸಿಕೆ ಆಗಿದೆಯೆ?" ಎಂದು ಕೇಳಿದರು. ಆಗಿರಲಿಲ್ಲ. ಆಗಿದ್ದರೆ ಈ ಕಾಯಿಲೆ ಬರುತ್ತಲೇ ಇರಲಿಲ್ಲವೆಂದು ಯಾರೂ ಹೇಳಲಾರರು. ಅಪಾಯ ತಗ್ಗುತ್ತಿತ್ತು ಎಂಬುದಂತೂ ನಿಶ್ಚಯ.

ನಾವು ಅವರ ಮನೆಗೆ ಹೋದಾಗ ಆ ತಾಯಿ ಹೇಳಿದ ಮಾತು ಇದು: "ಅಷ್ಟು ದೊಡ್ಡ ಖರ್ಚಿಗೆ ಊರೆಲ್ಲ ಕೈಕೊಟ್ಟಿತು. ಈ ಸೂಜಿ ಒಂದನ್ನು ಯಾರೂ ನೆನಪಿಸಲಿಲ್ಲವಲ್ಲ ಸ್ವಾಮಿ." ಆಸ್ಪತ್ರೆಯ ಕಡತವನ್ನು ಬೀರುವಿನಿಂದ ತೆಗೆಸಿ ನೋಡಿದೆವು. ನಲವತ್ತಕ್ಕೂ ಹೆಚ್ಚು ಹಾಳೆಗಳ ನಡುವೆ ಒಂದು ಹಾಳೆಯಲ್ಲಿ ಲಸಿಕೆಗಳ ಪಟ್ಟಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಹೇಳಿದ್ದು ನಿಜ, ತಲುಪಿರಲಿಲ್ಲ. ಈ ಲೇಖನವನ್ನು ಬರೆಯಲು ನಮಗೆ ಪ್ರೇರಣೆಯಾದದ್ದು ಆ ಒಂದು ಹಾಳೆ.

ಕಸಿಯೆಂದರೆ ಏನು?

ನಮ್ಮ ಎಲುಬುಗಳ ಒಳಗಿನ ಮೃದುವಾದ ಮಜ್ಜೆಯಲ್ಲಿ ಆಕರಕೋಶಗಳಿವೆ. ಕೆಂಪು ರಕ್ತಕಣ, ಬಿಳಿ ರಕ್ತಕಣ, ಕಿರುಬಿಲ್ಲೆಗಳು ಹುಟ್ಟುವುದು ಇವುಗಳಿಂದ. ಮಜ್ಜೆಯೇ ಕೆಟ್ಟಾಗ, ಅಥವಾ ಅಲ್ಲಿ ಹುಟ್ಟುವ ಕಣಗಳು ಕ್ಯಾನ್ಸರಿಗೆ ತಿರುಗಿದಾಗ, ಬಲವಾದ ಔಷಧಗಳಿಂದ, ಕೆಲವೊಮ್ಮೆ ವಿಕಿರಣದಿಂದ, ಹಳೆಯ ಮಜ್ಜೆಯನ್ನು ತೆರವುಗೊಳಿಸಿ ಆರೋಗ್ಯವಂತ ಆಕರಕೋಶಗಳನ್ನು ರಕ್ತನಾಳದ ಮೂಲಕ ಹರಿಸುತ್ತಾರೆ. ಅವು ತಾವಾಗಿಯೇ ಎಲುಬಿನೊಳಗೆ ಹೋಗಿ ನೆಲೆಸುತ್ತವೆ. ದಾನಿಯಿಂದ ಪಡೆದ ಕೋಶಗಳ ಕಸಿ ಒಂದು ಬಗೆ. ರೋಗಿಯದೇ ಕೋಶಗಳನ್ನು ಮೊದಲೇ ತೆಗೆದಿರಿಸಿ ಮರಳಿಸುವುದು ಇನ್ನೊಂದು ಬಗೆ.

ಈ ಚಿಕಿತ್ಸೆಗೆ ಅಮೆರಿಕದ ಡಾ. ಡೊನಾಲ್ ಥಾಮಸ್ 1950ರ ದಶಕದಲ್ಲಿ ಅಡಿಪಾಯ ಹಾಕಿದರು. ಅದಕ್ಕಾಗಿ 1990ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಭಾರತದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಕಸಿ ಆರಂಭವಾಯಿತು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಅದನ್ನು ಕೈಗೊಂಡಿತು. ಒಂದು ಕಾಲದಲ್ಲಿ ನಮ್ಮ ನಾಡಿನ ರೋಗಿಗಳು ಈ ಎರಡು ಊರುಗಳಿಗೇ ಅಲೆಯಬೇಕಾಗಿತ್ತು. ಇಂದು ಬೆಂಗಳೂರಿನಲ್ಲಿಯೇ ಸರ್ಕಾರದ ಕಿದ್ವಾಯಿ ಸಂಸ್ಥೆ, ಬೊಮ್ಮಸಂದ್ರದ ನಾರಾಯಣ ಆಸ್ಪತ್ರೆ ಮೊದಲಾದ ಕಡೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತಿದೆ. ಥಲಸ್ಸೀಮಿಯದ ಬಡಮಕ್ಕಳ ಕಸಿಗೆ ನೆರವಾಗಲು 2017ರಿಂದ ಕೋಲ್ ಇಂಡಿಯಾ ಸಂಸ್ಥೆಯ ನೆರವಿನ ಬಾಲ ಸೇವಾ ಯೋಜನೆಯೂ ಇದೆ. ಹೀಗೆ ಕಸಿ ಪಡೆದು ಮನೆಗೆ ಮರಳುವವರು ಹೆಚ್ಚಾಗುತ್ತಿದ್ದಾರೆ. ಮರಳಿದ ಮೇಲಿನ ಆರೈಕೆಯ ಅರಿವು ಮಾತ್ರ ಅದೇ ವೇಗದಲ್ಲಿ ಬೆಳೆದಿಲ್ಲ.

ಹಳೆಯ ಲಸಿಕೆ ಏಕೆ ಸಾಲದು?

"ಚಿಕ್ಕಂದಿನಲ್ಲಿ ಎಲ್ಲ ಸೂಜಿಯೂ ಆಗಿದೆಯಲ್ಲ?" ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಲಸಿಕೆ ಮಾಡುವ ಕೆಲಸವೆಂದರೆ ರೋಗಾಣುವಿನ ಗುರುತನ್ನು ನಮ್ಮ ರಕ್ಷಕ ಕಣಗಳಿಗೆ ಕಲಿಸುವುದು. ಆ ಕಲಿಕೆ ಕೆಲವು ಬಿಳಿ ರಕ್ತಕಣಗಳ ನೆನಪಿನಲ್ಲಿ ಉಳಿದಿರುತ್ತದೆ. ಕಸಿಗೆ ಮುನ್ನ ಕೊಡುವ ಔಷಧಗಳು ಕೆಟ್ಟ ಕಣಗಳೊಡನೆ ಈ ನೆನಪಿನ ಕಣಗಳನ್ನೂ ಅಳಿಸಿಬಿಡುತ್ತವೆ. ಉಳಿದ ಅಲ್ಪಸ್ವಲ್ಪ ಪ್ರತಿಕಾಯಗಳು ತಿಂಗಳು ವರ್ಷಗಳಲ್ಲಿ ಕರಗುತ್ತವೆ. ಹೊಸ ಮಜ್ಜೆಯಿಂದ ಹುಟ್ಟಿದ ಕಣಗಳು ಹಸುಗೂಸಿನಂತೆ ಏನನ್ನೂ ಅರಿಯವು. ಆದುದರಿಂದಲೇ ಕಸಿಯ ದಿನವನ್ನು ರೋಗಿಯ ಎರಡನೆಯ ಹುಟ್ಟುಹಬ್ಬವೆಂದು ಆಸ್ಪತ್ರೆಗಳಲ್ಲಿ ಕರೆಯುವ ರೂಢಿಯಿದೆ. ಹುಟ್ಟಿದ ಕೂಸಿಗೆ ಲಸಿಕೆ ಹೇಗೆ ಅಗತ್ಯವೋ, ಎರಡನೆಯ ಸಲ ಹುಟ್ಟಿದವರಿಗೂ ಹಾಗೆಯೇ ಅಗತ್ಯ. ವಯಸ್ಸು ನಲವತ್ತಾಗಿರಲಿ, ಅರವತ್ತಾಗಿರಲಿ, ಲಸಿಕೆಯ ಲೆಕ್ಕ ಕಸಿಯ ದಿನದಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ರಕ್ತಪರೀಕ್ಷೆಯಲ್ಲಿ ಬಿಳಿರಕ್ತಕಣಗಳ ಸಂಖ್ಯೆ ಕೆಲವು ವಾರಗಳಲ್ಲಿಯೇ ಸಹಜ ಮಟ್ಟಕ್ಕೆ ಬರಬಹುದು. ಆದರೆ ಆ ಸಂಖ್ಯೆ ಸೈನಿಕರ ತಲೆಯೆಣಿಕೆಯಷ್ಟೇ. ಅವರಿಗೆ ತರಬೇತಿಯಾಗಿದೆಯೆ ಎಂಬುದನ್ನು ಅದು ಹೇಳದು. ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಪೂರ್ಣ ಬಲಕ್ಕೆ ಬರಲು ಒಂದೆರಡು ವರ್ಷಗಳೇ ಹಿಡಿಯಬಹುದು. ದಾನಿಯ ಕಣಗಳು ರೋಗಿಯ ಶರೀರವನ್ನೇ ಹೊರಗಿನದೆಂದು ಎಣಿಸಿ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗುವ ತೊಂದರೆ ಕೆಲವರಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ವೈದ್ಯರು ಜಿ.ವಿ.ಎಚ್.ಡಿ. ಎನ್ನುತ್ತಾರೆ. ಅದನ್ನು ತಡೆಯಲು ಕೊಡುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಅಂಥವರಿಗೆ ನ್ಯೂಮೊಕಾಕಸ್‌ನಂತಹ ರೋಗಾಣುಗಳ ಭಯ ವರ್ಷಗಳ ಕಾಲ ಇರುತ್ತದೆ.

ಯಾವ ಲಸಿಕೆ, ಯಾವ ಕಾಲಕ್ಕೆ?

ಕೆಳಗಿನದು ಜಗತ್ತಿನ ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮ. ಪ್ರತಿಯೊಬ್ಬ ರೋಗಿಯ ಸ್ಥಿತಿ ಬೇರೆಯಾದುದರಿಂದ ಕಸಿ ಮಾಡಿದ ವೈದ್ಯರ ಮಾತೇ ಅಂತಿಮ. ಈ ಪಟ್ಟಿಯನ್ನು ಅವರ ಮುಂದಿಟ್ಟು ಕೇಳುವುದಕ್ಕಾಗಿ ಬಳಸಿರಿ.

1. ಕಸಿಯಾದ 3ರಿಂದ 6 ತಿಂಗಳೊಳಗೆ: ನ್ಯೂಮೊಕಾಕಸ್ ಕಾಂಜುಗೇಟ್ ಲಸಿಕೆ. ತಿಂಗಳಿಗೊಂದರಂತೆ 3 ಡೋಸು. ಮುಂದೆ ವೈದ್ಯರು ಸೂಚಿಸಿದಾಗ ಇನ್ನೊಂದು. ನ್ಯುಮೋನಿಯ ಮತ್ತು ಮಿದುಳಿನ ಪೊರೆಯ ಉರಿಯೂತದಿಂದ ಇದು ಕಾಪಾಡುತ್ತದೆ.

2. ಫ್ಲೂ ಲಸಿಕೆ: ಸಾಮಾನ್ಯವಾಗಿ 6 ತಿಂಗಳಿನಿಂದ, ಊರಿನಲ್ಲಿ ಸೋಂಕು ಹರಡಿದ್ದರೆ ಇನ್ನೂ ಮೊದಲೇ. ಆಮೇಲೆ ಪ್ರತಿ ವರ್ಷವೂ ಒಮ್ಮೆ. ಚುಚ್ಚುಮದ್ದಿನ ರೂಪದ್ದನ್ನೇ ಪಡೆಯಬೇಕು. ಮೂಗಿಗೆ ಸಿಂಪಡಿಸುವ ಸಜೀವ ಫ್ಲೂ ಲಸಿಕೆ ಸಲ್ಲದು.

3. ಕೋವಿಡ್ ಲಸಿಕೆ: 3 ತಿಂಗಳ ಬಳಿಕ, ವೈದ್ಯರ ಸಲಹೆಯಂತೆ.

4. 6ರಿಂದ 12 ತಿಂಗಳಲ್ಲಿ ಆರಂಭಿಸಿ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಸಂಯುಕ್ತ ಲಸಿಕೆ, ಹಿಬ್ ಲಸಿಕೆ, ಪೋಲಿಯೊ ಚುಚ್ಚುಮದ್ದು, ಹೆಪಟೈಟಿಸ್ ಬಿ ಲಸಿಕೆ. ಪ್ರತಿಯೊಂದೂ 3 ಡೋಸು. ಹೆಪಟೈಟಿಸ್ ಬಿ ಮುಗಿದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ ಪ್ರತಿಕಾಯ ಸಾಕಷ್ಟು ಹುಟ್ಟಿದೆಯೆ ಎಂದು ನೋಡುವುದು ಒಳ್ಳೆಯದು. ಹುಟ್ಟಿರದಿದ್ದರೆ ಮತ್ತೆ ಹಾಕಿಸಬೇಕಾಗಬಹುದು.

5. 24 ತಿಂಗಳ ಬಳಿಕ, ಷರತ್ತಿಗೆ ಒಳಪಟ್ಟು: ದಡಾರ, ಮಂಗನಬಾವು, ರುಬೆಲ್ಲಾಗಳ ಲಸಿಕೆ ಹಾಗೂ ಸೀತಾಳೆ ಸಿಡುಬಿನ ಲಸಿಕೆ.

6. ವೈದ್ಯರ ವಿವೇಚನೆಗೆ ಬಿಟ್ಟವು: ಟೈಫಾಯಿಡ್ ಕಾಂಜುಗೇಟ್ ಲಸಿಕೆ, ಮೆನಿಂಗೊಕಾಕಸ್ ಲಸಿಕೆ, ಮತ್ತು 2023ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿರುವ ಸರ್ಪಸುತ್ತಿನ ನಿರ್ಜೀವ ಲಸಿಕೆ.

ಇಷ್ಟೊಂದು ಡೋಸು ಏಕೆ ಎಂದರೆ, ಎಳೆಯ ರಕ್ಷಕ ಕಣಗಳು ಒಂದೇ ಸಲಕ್ಕೆ ಪಾಠ ಕಲಿಯುವುದಿಲ್ಲ. ಮೂರು ಡೋಸಿನಲ್ಲಿ ಒಂದನ್ನು ಪಡೆದು ನಿಲ್ಲಿಸುವುದು ಗೋಡೆಯನ್ನು ಮೊಣಕಾಲೆತ್ತರಕ್ಕೆ ಕಟ್ಟಿ ಬಿಟ್ಟಂತೆ.

ಸಜೀವ ಲಸಿಕೆ: ಎರಡು, ಒಂದು, ಎಂಟು

ಮೇಲಿನ ಪಟ್ಟಿಯ ಮೊದಲ ನಾಲ್ಕು ಬಗೆಗಳಲ್ಲಿ ಬದುಕಿರುವ ರೋಗಾಣು ಇಲ್ಲ. ಆದುದರಿಂದ ಅವುಗಳಿಂದ ಆ ರೋಗವೇ ಬರುವ ಭಯವಿಲ್ಲ. ಐದನೆಯ ಬಗೆಯವು ಸಜೀವ ಲಸಿಕೆಗಳು. ದುರ್ಬಲಗೊಳಿಸಿದ ವೈರಸ್ಸು ಅವುಗಳಲ್ಲಿ ಇರುತ್ತದೆ. ಆರೋಗ್ಯವಂತರಿಗೆ ಅದು ನಿರಪಾಯ. ಶಕ್ತಿ ಕುಂದಿದವರಿಗೆ ಅಪಾಯ. ಅವುಗಳಿಗೆ ವೈದ್ಯರು ಬಳಸುವ ಒಂದು ಸುಲಭ ಸೂತ್ರವನ್ನು ನೆನಪಿಡಬಹುದು: ಕಸಿಯಾಗಿ ಎರಡು ವರ್ಷ ತುಂಬಿರಬೇಕು, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ನಿಲ್ಲಿಸಿ ಒಂದು ವರ್ಷವಾಗಿರಬೇಕು, ಪ್ರತಿಕಾಯದ ಡ್ರಿಪ್, ಅಂದರೆ ಇಮ್ಯುನೊಗ್ಲಾಬುಲಿನ್, ಕೊಟ್ಟಿದ್ದರೆ ಎಂಟು ತಿಂಗಳು ಕಳೆದಿರಬೇಕು. ಜಿ.ವಿ.ಎಚ್.ಡಿ. ತೊಂದರೆ ಇರಬಾರದು. ಈ ಲೆಕ್ಕ ಮುಗಿಯುವ ಮೊದಲು ಸಜೀವ ಲಸಿಕೆಯನ್ನು ಯಾರು ಹೇಳಿದರೂ ಪಡೆಯಬಾರದು. ಕ್ಷಯದ ಬಿ.ಸಿ.ಜಿ. ಲಸಿಕೆ ಮತ್ತು ಬಾಯಿಗೆ ಹಾಕುವ ಪೋಲಿಯೊ ಹನಿ ಕಸಿಯಾದವರಿಗೆ ಬೇಡವೇ ಬೇಡ.

ಮನೆಯವರ ಪಾಲು

ಕಸಿಯಾದವರು ಇನ್ನೂ ಲಸಿಕೆ ಪಡೆಯಲಾಗದ ತಿಂಗಳುಗಳಲ್ಲಿ ಅವರನ್ನು ಕಾಯುವ ಬೇಲಿ ಮನೆಯವರೇ. ಪತ್ನಿ, ಮಕ್ಕಳು, ಅತ್ತೆ ಮಾವ ಎಲ್ಲರೂ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಪಡೆಯಬೇಕು. ಮಕ್ಕಳಿಗೆ ದಡಾರ, ಸೀತಾಳೆ ಸಿಡುಬಿನ ಲಸಿಕೆಗಳನ್ನು ಕೊಡಿಸಬಹುದು, ಕೊಡಿಸಬೇಕು. ಸೀತಾಳೆ ಲಸಿಕೆಯ ಬಳಿಕ ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಅದು ಒಣಗುವವರೆಗೆ ರೋಗಿಯಿಂದ ದೂರವಿಡಬೇಕು. ಕೂಸಿಗೆ ರೋಟಾವೈರಸ್ ಹನಿ ಹಾಕಿಸಿದ್ದರೆ ಒಂದು ತಿಂಗಳು ಅದರ ಬಟ್ಟೆ ಬದಲಿಸುವ ಕೆಲಸವನ್ನು ರೋಗಿ ಮಾಡಬಾರದು; ಮಿಕ್ಕವರು ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

ಪಲ್ಸ್ ಪೋಲಿಯೊ ಭಾನುವಾರದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆ ದಿನ ಅಜ್ಜಿಯರು ಮೊಮ್ಮಕ್ಕಳನ್ನು ಎತ್ತಿಕೊಂಡು ಬೂತಿಗೆ ಹೋಗುವುದು ನಮ್ಮ ನಾಡಿನ ಒಳ್ಳೆಯ ಅಭ್ಯಾಸ. ಆ ಹನಿಗಳಿಂದಲೇ 2014ರಲ್ಲಿ ಭಾರತವಿದ್ದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆನಿಸಿತು. ಆದರೆ ಹನಿಯಲ್ಲಿರುವುದು ಸಜೀವ ವೈರಸ್ಸು. ಹನಿ ಕುಡಿದ ಮಗುವಿನ ಮಲದಲ್ಲಿ ಅದು ಕೆಲವು ವಾರ ಹೊರಬೀಳುತ್ತದೆ. ಅದೇ ಮನೆಯಲ್ಲಿ ಕಸಿಯಾದವರು ಇದ್ದರೆ, ಆ ಮನೆಯ ಮಗುವಿಗೆ ಹನಿಯ ಬದಲು ಪೋಲಿಯೊ ಚುಚ್ಚುಮದ್ದನ್ನು ಕೊಡಿಸುವ ಬಗ್ಗೆ ಮಕ್ಕಳ ವೈದ್ಯರೊಡನೆ ಮುಂಚಿತವಾಗಿ ಮಾತನಾಡಬೇಕು. ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ವಿಷಯವನ್ನು ಬಿಡಿಸಿ ಹೇಳಿದರೆ ಅವರು ಅರ್ಥಮಾಡಿಕೊಳ್ಳುತ್ತಾರೆ. ಮಗುವನ್ನು ಪೋಲಿಯೊ ರಕ್ಷಣೆಯಿಲ್ಲದೆ ಬಿಡುವುದು ಮಾತ್ರ ಸಲ್ಲದು.

ಲಸಿಕೆ ತಪ್ಪುವುದು ಎಲ್ಲಿ?

ಕೆಂಗೇರಿಯ ಆ ಮನೆಯಲ್ಲಿ ಸೋಮಾರಿತನವಿರಲಿಲ್ಲ, ಅಶ್ರದ್ಧೆಯೂ ಇರಲಿಲ್ಲ. ಹಾಗಿದ್ದೂ ತಪ್ಪಿತು. ವಿಚಾರಿಸಿದಾಗ ನಮಗೆ ಕಂಡದ್ದು ಇಷ್ಟು.

ಮೊದಲನೆಯದು, ಹೊಣೆ ಮೂವರ ನಡುವೆ ಹಂಚಿಹೋಗಿತ್ತು. ಊರಿನ ವೈದ್ಯರು ಹಾಕುತ್ತಾರೆಂದು ದೊಡ್ಡ ಆಸ್ಪತ್ರೆ ಭಾವಿಸಿತು. ದೊಡ್ಡ ಆಸ್ಪತ್ರೆಯಲ್ಲಿ ಆಗಿರುತ್ತದೆಂದು ಊರಿನ ವೈದ್ಯರು ಭಾವಿಸಿದರು. ಬೇಕಿದ್ದರೆ ಇಬ್ಬರಲ್ಲಿ ಒಬ್ಬರು ಹೇಳುತ್ತಾರೆಂದು ಮನೆಯವರು ಸುಮ್ಮನಿದ್ದರು.

ಎರಡನೆಯದು, ಮುಂದೂಡಿಕೆ. ಆರನೆಯ ತಿಂಗಳಿನಲ್ಲಿ ಚರ್ಮದ ತೊಂದರೆ ಕಂಡಿದ್ದರಿಂದ, "ಲಸಿಕೆ ಆಮೇಲೆ ನೋಡೋಣ" ಎಂದು ಯಾರೋ ಹೇಳಿದ್ದರು. ಆ 'ಆಮೇಲೆ'ಗೆ ತಾರೀಖು ಇರಲಿಲ್ಲ. ತಾರೀಖಿಲ್ಲದ ಮುಂದೂಡಿಕೆ ಮರೆವಿನ ಇನ್ನೊಂದು ಹೆಸರು.

ಮೂರನೆಯದು, ಸಂಕೋಚ. ಒಮ್ಮೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಕೇಳಿದಾಗ, ಇವು ಕೂಸುಗಳ ಲಸಿಕೆ, ದೊಡ್ಡವರಿಗೆ ಏಕೆ ಎಂಬ ಉತ್ತರ ಬಂತು. ಕೈಯಲ್ಲಿ ವೈದ್ಯರ ಚೀಟಿ ಇಲ್ಲದ ಕಾರಣ ಅವರು ತಲೆ ತಗ್ಗಿಸಿ ಹಿಂದಿರುಗಿದರು.

ನಾಲ್ಕನೆಯದು, ಖರ್ಚು. ಮಕ್ಕಳ ಲಸಿಕೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ. ಕಸಿಯಾದ ವಯಸ್ಕರು ಬಹುಪಾಲು ಲಸಿಕೆಗಳನ್ನು ಕೈಯಿಂದ ಹಣ ಕೊಟ್ಟು ಪಡೆಯಬೇಕಾಗುತ್ತದೆ. ಕಸಿಗಾಗಿ ಎಲ್ಲವನ್ನೂ ಕಳೆದುಕೊಂಡ ಮನೆಗೆ ಪ್ರತಿಯೊಂದು ಡೋಸೂ ಭಾರವೇ.

ಐದನೆಯದು, ದೂರ ಮತ್ತು ದಣಿವು. ಕೆಂಗೇರಿಯಿಂದ ನೈಸ್ ರಸ್ತೆ ಹಿಡಿದು ಹೊಸೂರು ರಸ್ತೆಯ ಕಡೆಗೆ ಹೋಗಿ, ಸರದಿಯಲ್ಲಿ ಕುಳಿತು, ಮರಳುವಷ್ಟರಲ್ಲಿ ಒಂದು ದಿನದ ವ್ಯಾಪಾರ ಹೋಗುತ್ತದೆ. ಆರೋಗ್ಯ ಚೆನ್ನಾಗಿದೆ ಎನಿಸಿದಾಗ ಆ ದಿನವನ್ನು ಯಾರು ಕಳೆದಾರು?

ತಪ್ಪದಂತೆ ನಡೆಸುವ ಬಗೆ

ಕಾರಣಗಳು ತಿಳಿದರೆ ಪರಿಹಾರವೂ ಕಾಣುತ್ತದೆ.

ಒಂದು: ಗರ್ಭಿಣಿಯರಿಗೆ ತಾಯಿ ಕಾರ್ಡ್ ಇರುವಂತೆ ಕಸಿಯಾದವರಿಗೂ ಒಂದು ಲಸಿಕೆ ಕಾರ್ಡ್ ಇರಲಿ. ಆಸ್ಪತ್ರೆಯಲ್ಲಿ ಕೊಟ್ಟರೆ ಸರಿ. ಇಲ್ಲದಿದ್ದರೆ ಒಂದು ದಪ್ಪ ಹಾಳೆಯ ಮೇಲೆ ಕನ್ನಡದಲ್ಲಿ ಬರೆಯಿರಿ. ಮೇಲುಗಡೆ ಕಸಿಯ ದಿನಾಂಕ. ಕೆಳಗೆ ಲಸಿಕೆಯ ಹೆಸರು, ಕೊಡಬೇಕಾದ ದಿನ, ಕೊಟ್ಟ ದಿನ, ಕೊಟ್ಟವರ ಸಹಿ. ಇದರ ಒಂದು ಚಿತ್ರ ಮೊಬೈಲಿನಲ್ಲಿಯೂ ಇರಲಿ.

ಎರಡು: ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿರಿ: "ನಮ್ಮ ಮೊದಲ ಲಸಿಕೆ ಯಾವ ತಾರೀಖಿಗೆ, ಯಾರು ಹಾಕುತ್ತಾರೆ?" ಉತ್ತರವನ್ನು ಬರೆದುಕೊಳ್ಳಿರಿ. ಮುಂದೂಡಿದರೆ ಮತ್ತೆ ನೋಡುವ ತಾರೀಖನ್ನು ಕೇಳಿರಿ.

ಮೂರು: ಮನೆಯಲ್ಲಿ ಒಬ್ಬರು ಇದರ ಹೊಣೆ ಹೊರಬೇಕು. ರೋಗಿಯೇ ಆಗಬೇಕೆಂದಿಲ್ಲ. ಮಗಳಾಗಬಹುದು, ಸೊಸೆಯಾಗಬಹುದು, ತಮ್ಮನಾಗಬಹುದು. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗುವುದಿಲ್ಲ.

ನಾಲ್ಕು: ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ನಾವು ಹೇಳಿದ ಆ ತಾಯಿ ಈಗ ಹಬ್ಬಹುಣ್ಣಿಮೆಗಳ ಪಕ್ಕದಲ್ಲಿಯೇ ಲಸಿಕೆಯ ದಿನಗಳಿಗೆ ಕೆಂಪು ಶಾಯಿಯ ಸುತ್ತು ಹಾಕಿದ್ದಾರೆ. ಫ್ಲೂ ಲಸಿಕೆಯನ್ನು ನೆನಪಿಡಲು ಬಸವ ಜಯಂತಿ ಒಳ್ಳೆಯ ಗುರುತು. ಅದು ಮಳೆಗಾಲಕ್ಕೆ ಮುಂಚೆ ಬರುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಹೆಚ್ಚು.

ಐದು: ಕಸಿ ಕೇಂದ್ರದ ವೈದ್ಯರಿಂದ ಹತ್ತಿರದ ವೈದ್ಯರ ಹೆಸರಿಗೆ ಒಂದು ಪತ್ರ ಬರೆಸಿಕೊಳ್ಳಿರಿ. ಯಾವ ಲಸಿಕೆ, ಎಷ್ಟು ಡೋಸು, ಯಾವುದು ಕೂಡದು ಎಂಬುದು ಅದರಲ್ಲಿರಲಿ. ಆ ಪತ್ರವಿದ್ದರೆ ಕೆಂಗೇರಿಯಲ್ಲಿಯೇ ಅನೇಕ ಡೋಸುಗಳನ್ನು ಪಡೆಯಬಹುದು. ಪ್ರತಿ ಸಲವೂ ದೂರ ಹೋಗಬೇಕಿಲ್ಲ.

ಆರು: ಔಷಧದ ಅಂಗಡಿಯಲ್ಲಿ ಕೊಂಡು ಒಯ್ಯುವುದಾದರೆ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಒಯ್ಯಬೇಕು. ಮನೆಯ ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿ ಇಡಬಾರದು. ಹೆಪ್ಪುಗಟ್ಟಿದ ಹೆಪಟೈಟಿಸ್ ಬಿ ಲಸಿಕೆ ಮತ್ತು ಧನುರ್ವಾಯುವಿನ ಸಂಯುಕ್ತ ಲಸಿಕೆ ಶಕ್ತಿ ಕಳೆದುಕೊಳ್ಳುತ್ತವೆ. ಹಾಕುವ ಕಡೆಯಲ್ಲಿಯೇ ಕೊಳ್ಳುವುದು ಉತ್ತಮ.

ಭಕ್ತರು ಕೇಳುವ ಪ್ರಶ್ನೆಗಳು

*ಒಂದು ಡೋಸು ತಪ್ಪಿಹೋದರೆ ಮೊದಲಿನಿಂದ ಆರಂಭಿಸಬೇಕೆ?* ಸಾಮಾನ್ಯವಾಗಿ ಬೇಕಿಲ್ಲ. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸಬಹುದು. ತಡವಾಯಿತೆಂದು ನಾಚಿ ಬಿಟ್ಟುಬಿಡುವುದೇ ದೊಡ್ಡ ತಪ್ಪು.

*ಒಂದೇ ದಿನ ಎರಡು ಮೂರು ಸೂಜಿ ಆಗಬಹುದೆ?* ನಿರ್ಜೀವ ಲಸಿಕೆಗಳನ್ನು ಒಂದೇ ದಿನ ಬೇರೆ ಬೇರೆ ಜಾಗದಲ್ಲಿ ಕೊಡಬಹುದು. ಇದರಿಂದ ಓಡಾಟವೂ ಉಳಿಯುತ್ತದೆ. ಕಿರುಬಿಲ್ಲೆಗಳು ಕಡಮೆಯಿದ್ದರೆ ಮುಂಚಿತವಾಗಿ ತಿಳಿಸಬೇಕು. ಚುಚ್ಚಿದ ಜಾಗವನ್ನು ಕೆಲವು ನಿಮಿಷ ಒತ್ತಿ ಹಿಡಿಯಬೇಕಾಗುತ್ತದೆ.

*ಲಸಿಕೆಯ ಬಳಿಕ ಜ್ವರ ಬಂದರೆ?* ಕೈನೋವು, ಸ್ವಲ್ಪ ಮೈಬಿಸಿ ಸಹಜ. ಆದರೆ ಕಸಿಯಾದವರಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಮುಟ್ಟಿದ ಜ್ವರವನ್ನು 'ಸೂಜಿಯದೇ ಇರಬೇಕು' ಎಂದು ಮನೆಯಲ್ಲಿ ತೀರ್ಮಾನಿಸಬಾರದು. ಒಡನೆ ವೈದ್ಯರಿಗೆ ತಿಳಿಸಬೇಕು.

*ನಮ್ಮದೇ ಕೋಶಗಳ ಕಸಿಯಾದರೂ ಲಸಿಕೆ ಬೇಕೆ?* ಬೇಕು. ಕೋಶ ನಮ್ಮದಾದರೂ ಕಸಿಗೆ ಮುನ್ನ ಕೊಟ್ಟ ಔಷಧ ಹಳೆಯ ನೆನಪನ್ನು ಅಳಿಸಿರುತ್ತದೆ.

*ಕಷಾಯ, ಗಿಡಮೂಲಿಕೆಯ ಪುಡಿಗಳಿಂದ ರೋಗನಿರೋಧಕ ಶಕ್ತಿ ಬರುವುದಿಲ್ಲವೆ?* ನಾಟಿ ವೈದ್ಯದ ಮೇಲೆ ನಮಗೆ ಗೌರವವಿದೆ. ಆದರೆ ಗಂಟಲಮಾರಿಯನ್ನೋ ನ್ಯೂಮೊಕಾಕಸ್ಸನ್ನೋ ಗುರುತಿಸುವ ಪಾಠವನ್ನು ಕಷಾಯ ಕಲಿಸಲಾರದು. ಕೆಲವು ಮೂಲಿಕೆಗಳು ಸೈಕ್ಲೊಸ್ಪೋರಿನ್‌ನಂತಹ ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡುತ್ತವೆ. ವೈದ್ಯರಿಗೆ ಹೇಳದೆ ಏನನ್ನೂ ಸೇವಿಸಬಾರದು.

*ಜಾತ್ರೆಗೆ, ಮಠದ ದಾಸೋಹಕ್ಕೆ ಬರಬಹುದೆ?* ವೈದ್ಯರು ಒಪ್ಪುವವರೆಗೆ ಜನಸಂದಣಿ ಬೇಡ. ಆ ತಿಂಗಳುಗಳಲ್ಲಿ ಮನೆಯಲ್ಲಿಯೇ ಇಷ್ಟಲಿಂಗ ಪೂಜೆ ಸಾಗಲಿ. ಮಠಕ್ಕೆ ಬರಲಾಗಲಿಲ್ಲವೆಂದು ಕೊರಗುವುದು ಬೇಡ. ಜೀವವನ್ನು ಕಾಪಾಡಿಕೊಳ್ಳುವುದೂ ಪೂಜೆಯೇ.

ನಮ್ಮೆಲ್ಲರ ಹೊಣೆ

ಲಸಿಕೆಯ ಬಗ್ಗೆ ನಮ್ಮ ನಾಡಿನ ಪರಂಪರೆ ಇಂದಿನದಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಆಗ ತಾನೇ ಬಂದಿದ್ದ ಸಿಡುಬಿನ ಲಸಿಕೆಯನ್ನು ಜನರು ಅಂಜದೆ ಹಾಕಿಸಿಕೊಳ್ಳಲೆಂದು, ಚುಚ್ಚಿಸಿಕೊಂಡ ತೋಳನ್ನು ತೋರುವಂತೆ ಆ ಚಿತ್ರ ರಚಿತವಾಯಿತೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಅಂದು ಅಂಜಿಕೆಯನ್ನು ಹೋಗಲಾಡಿಸಬೇಕಾಗಿತ್ತು. ಇಂದು ಕಸಿಯಾದವರ ವಿಷಯದಲ್ಲಿ ಹೋಗಲಾಡಿಸಬೇಕಾದದ್ದು ಹೆಚ್ಚಾಗಿ ಮರೆವನ್ನು.

ಈ ಕಾರ್ಯದಲ್ಲಿ ಭಕ್ತರು ಮಾಡಬಹುದಾದುದು ಬಹಳವಿದೆ. ಯಾರ ಕಸಿಗಾದರೂ ಧನಸಹಾಯ ಸಂಗ್ರಹಿಸುವಾಗ ಲಸಿಕೆಯ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಿರಿ. ಆ ಪಾಲನ್ನು ಬೇರೆಯಾಗಿ ತೆಗೆದಿರಿಸಿರಿ. ಬೀದಿಯಲ್ಲಿ ಕಸಿಯಾದವರಿದ್ದರೆ, ಹೇಗಿದ್ದೀರಿ ಎಂದು ಕೇಳುವ ಜೊತೆಯಲ್ಲಿ, ಮುಂದಿನ ಸೂಜಿ ಎಂದು ಎಂದೂ ಕೇಳಿರಿ. ಆಸ್ಪತ್ರೆಗೆ ಹೋಗುವ ದಿನ ಅವರ ಅಂಗಡಿಯಲ್ಲಿ ಅರ್ಧ ದಿನ ಕುಳಿತುಕೊಳ್ಳುವುದೂ ದಾಸೋಹವೇ. ಇಂಗ್ಲಿಷ್ ಬಲ್ಲ ಯುವಕ ಯುವತಿಯರು ಅಂಥವರ ಮನೆಗೆ ಹೋಗಿ, ಕಡತದಲ್ಲಿ ಅಡಗಿರುವ ಆ ಒಂದು ಹಾಳೆಯನ್ನು ಹುಡುಕಿ ಕನ್ನಡದಲ್ಲಿ ಬರೆದುಕೊಟ್ಟರೆ ಅದಕ್ಕಿಂತ ಒಳ್ಳೆಯ ಸೇವೆ ಬೇರೊಂದಿಲ್ಲ.

ಕೆಂಗೇರಿ ಉಪನಗರದ ಆ ಭಕ್ತರು ಈಗ ನ್ಯೂಮೊಕಾಕಸ್ಸಿನ ಮೂರು ಡೋಸುಗಳನ್ನು ಮುಗಿಸಿದ್ದಾರೆ. ಹೆಪಟೈಟಿಸ್ ಬಿ ಎರಡನೆಯದು ಆಗಿದೆ. ಎರಡು, ಒಂದು, ಎಂಟರ ಲೆಕ್ಕ ಇನ್ನೂ ಮುಗಿದಿಲ್ಲವಾದುದರಿಂದ ದಡಾರದ ಲಸಿಕೆಗೆ ಕಾಯುತ್ತಿದ್ದಾರೆ; ಆ ಕಾಯುವಿಕೆಗೂ ಕಾರ್ಡಿನಲ್ಲಿ ತಾರೀಖು ಬರೆದಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲುಗಡೆ, ದೇವರ ಪಟದ ಪಕ್ಕದಲ್ಲಿ, ಆ ಕಾರ್ಡನ್ನು ನಾವು ಕಣ್ಣಾರೆ ಕಂಡೆವು. ಅಂಥದೊಂದು ಕಾರ್ಡು ಕಸಿಯಾದ ಪ್ರತಿಯೊಬ್ಬರ ಮನೆಯಲ್ಲಿಯೂ ಇರಲಿ, ಅದರ ಪ್ರತಿಯೊಂದು ಸಾಲೂ ತುಂಬಲಿ ಎಂದು ಹಾರೈಸುತ್ತೇವೆ.